ಮುಳಬಾಗಿಲಿಗೆ ಮತ್ತೆ ಬಾರದವರು

ವೆಂಕಟಲಕ್ಷ್ಮಿ ಮಾಡುವ ಕೆಲಸ ಏನೆಂದು ಕ್ಯಾಲನೂರಿನಲ್ಲಿರುವ ಅವಳ ತಾಯಿ ಮುತ್ಯಾಲಮ್ಮನಿಗೆ ಬಿಡಿಸಿ ಹೇಳಲು ಇವತ್ತಿನವರೆಗೂ ಯಾರಿಂದಲೂ ಆಗಿಲ್ಲ. ಮಗಳು ಕೋಲಾರದ ದೊಡ್ಡಾಸ್ಪತ್ರೆಯಲ್ಲಿದ್ದಾಳೆ, ಓಡಾಡಲು ಕಾರು ಕೊಟ್ಟಿದ್ದಾರೆ, ಡಾಕ್ಟರುಗಳೂ ಅವಳನ್ನು ಕೇಳಿಯೇ ಮುಂದಿನ ಮಾತಾಡುತ್ತಾರೆ ಎಂಬಷ್ಟು ಆಕೆಗೆ ಗೊತ್ತು.

"ಡಾಕ್ಟ್ರೂ ಅಲ್ಲ, ನರ್ಸೂ ಅಲ್ಲ. ಚೀಟಿ ಬರೆಯೋದೂ ಬಿಟ್ಟೆ ಅಂತೀಯ. ಇನ್ನು ಅಲ್ಲಿ ಕೂತ್ಕಂಡು ಏನ್ ಮಾಡ್ತೀಯೇ?" ಎಂದು ಒಮ್ಮೆ ಹಸುವಿಗೆ ಬೂಸಾ ಕಲಸುತ್ತಾ ಕೇಳಿದಳು.

"ಎಲ್ಲಾರ್ನೂ ಯಾಕೆ, ಯಾಕೆ ಅಂತ ಕೇಳ್ತೀನಮ್ಮ."

"ಅದನ್ನ ಚಿಕ್ಕೋಳಿದ್ದಾಗ್ಲೇ ಮಾಡ್ತಿದ್ಯಲ್ಲ, ಅದಕ್ಕೂ ಸಂಬಳ ಕೊಡ್ತಾರಾ?" ಎಂದು ಮುತ್ಯಾಲಮ್ಮ ನಕ್ಕಿದ್ದಳು.

ತಾಯಿ ಹೇಳಿದ್ದು ಸುಳ್ಳಲ್ಲ. ಕೋಲಾರದ ಡಾಕ್ಟರ್ ಮುನಿಕೃಷ್ಣ ಅವರ ಆಸ್ಪತ್ರೆಗೆ ವೆಂಕಟಲಕ್ಷ್ಮಿ ಸೇರಿದ್ದು ಎರಡು ಸಾವಿರದ ಒಂದನೇ ಇಸವಿಯಲ್ಲಿ. ಆಗ ಅವಳಿಗೆ ಇಪ್ಪತ್ತೊಂದು ವರ್ಷ; ಬಿ.ಕಾಂ. ಮುಗಿಸಿದ್ದಳು. ಆಸ್ಪತ್ರೆಯಲ್ಲಿ ಇದ್ದದ್ದು ಇಪ್ಪತ್ತು ಹಾಸಿಗೆ. ಅವಳ ಕೆಲಸ ಬಾಗಿಲ ಪಕ್ಕದ ಕಿಟಕಿಯಲ್ಲಿ ಕೂತು, ಬಂದವರ ಹೆಸರು, ವಯಸ್ಸು, ಊರು ಕೇಳಿ ಚೀಟಿ ಬರೆದು ಕೊಡುವುದು. ಬೆಳಗ್ಗೆ ಒಂಬತ್ತರಿಂದ ಹತ್ತೂವರೆಯವರೆಗೆ ನೊಣ ಹೊಡೆಯುವಂಥ ಪರಿಸ್ಥಿತಿ. ಹನ್ನೊಂದಕ್ಕೆ ಸಾಲು ರಸ್ತೆಗೆ ಮುಟ್ಟುತ್ತಿತ್ತು. ಜನ ಬೈಯುತ್ತಿದ್ದರು, ಡಾಕ್ಟರು ಊಟವಿಲ್ಲದೆ ಮೂರು ಗಂಟೆಯವರೆಗೆ ನೋಡುತ್ತಿದ್ದರು. ಎಲ್ಲರೂ ಇದು ಹೀಗೆಯೇ ಎಂದುಕೊಂಡಿದ್ದರು. ವೆಂಕಟಲಕ್ಷ್ಮಿಗೆ ಮಾತ್ರ ಹನ್ನೊಂದಕ್ಕೇ ಯಾಕೆ ಎಂಬುದು ತಲೆಯಲ್ಲಿ ಕೂತುಬಿಟ್ಟಿತು. ಒಂದು ವಾರ ಚೀಟಿಯ ಹಿಂಭಾಗದಲ್ಲಿ ಯಾರು ಯಾವ ಬಸ್ಸಿಗೆ ಬಂದರೆಂದು ಕೇಳಿ ಬರೆದುಕೊಂಡಳು. ಬೆಳಗ್ಗೆ ಡೇರಿಗೆ ಹಾಲು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ ಹೊರಟವರಿಗೆಲ್ಲ ಸಿಗುತ್ತಿದ್ದದ್ದು ಮೂರೇ ಬಸ್ಸು. ಮೂರೂ ಹತ್ತೂ ಮುಕ್ಕಾಲರ ಆಸುಪಾಸಿನಲ್ಲಿ ಕೋಲಾರ ಸೇರುತ್ತಿದ್ದವು.

ಆ ಹಾಳೆಯನ್ನು ಅಳುಕುತ್ತಲೇ ಡಾಕ್ಟರ ಮೇಜಿನ ಮೇಲಿಟ್ಟಳು. ಶ್ರೀನಿವಾಸಪುರ ಕಡೆಯವರಾದ ಡಾಕ್ಟರ್ ಮುನಿಕೃಷ್ಣ ಎರಡು ಸಲ ಓದಿ, "ಇಪ್ಪತ್ತು ವರ್ಷದಿಂದ ತಡವಾಗಿ ಬರ್ತಾರೆ ಅಂತ ಜನಾನ ಬೈಕೊಂಡು ಬಂದಿದ್ದೀನಲ್ಲಮ್ಮ ನಾನು" ಎಂದರು. ಮುಂದಿನ ತಿಂಗಳಿಂದ ಒಬ್ಬ ಡಾಕ್ಟರು ಒಂಬತ್ತಕ್ಕೆ ಬರುವ ಬದಲು ಹತ್ತೂವರೆಗೆ ಬಂದು ಸಂಜೆಯವರೆಗೆ ಇರತೊಡಗಿದರು. ಸಾಲು ಅರ್ಧಕ್ಕೆ ಇಳಿಯಿತು.

ಅಲ್ಲಿಂದ ಅವಳ ದಾರಿ ತೆರೆದುಕೊಂಡಿತು. ಡಾಕ್ಟರೇ ಒತ್ತಾಯ ಮಾಡಿ ಆಸ್ಪತ್ರೆ ಆಡಳಿತದ ಕೋರ್ಸಿಗೆ ಸೇರಿಸಿದರು. ಎರಡು ವರ್ಷ ಪ್ರತಿ ಭಾನುವಾರ ಬೆಂಗಳೂರಿಗೆ ಹೋಗಿ ಪಾಠ ಕೇಳಿ ಬಂದಳು. ಆ ನಡುವೆ ಮದುವೆಯಾಯಿತು. ಗಂಡ ಆಂಜಿ ವೇಮಗಲ್‌ನ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದವನು. ಮಗಳು ಧನಶ್ರೀ ಹುಟ್ಟಿದಾಗ ಪರೀಕ್ಷೆ ಬಾಕಿ ಇತ್ತು. ಆಂಜಿ ರಜೆ ಹಾಕಿ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಪರೀಕ್ಷೆಯ ಕಟ್ಟಡದ ಹೊರಗೆ ಮರದಡಿ ಕೂತಿದ್ದ. ಚೀಟಿಯ ಹುಡುಗಿ ಮೇಲ್ವಿಚಾರಕಿಯಾದಳು, ಆಮೇಲೆ ಮ್ಯಾನೇಜರ್. ಆಸ್ಪತ್ರೆಯೂ ಬೆಳೆಯಿತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಒಂದೊಂದು ಶಾಖೆ ತೆರೆದಾಗ ಯಾವ ಊರಿಗೆ ಯಾವ ಡಾಕ್ಟರು, ಯಾವ ವಾರ, ಯಾವ ಯಂತ್ರ ಎಂದು ಕೂತು ಲೆಕ್ಕ ಹಾಕಿದವಳು ಅವಳೇ. ನಲವತ್ತೆರಡನೇ ವಯಸ್ಸಿಗೆ ಅವಳ ಕೋಣೆಯ ಬಾಗಿಲಿಗೆ 'ಯೋಜನಾ ಮುಖ್ಯಸ್ಥೆ' ಎಂಬ ಫಲಕ ಬಂತು.

ಆ ಫಲಕ ಬಂದ ಎರಡನೇ ವರ್ಷ ಮುಳಬಾಗಿಲಿನ ಪ್ರಶ್ನೆ ಎದ್ದಿತು.

ಡಾಕ್ಟರ್ ಮುನಿಕೃಷ್ಣರಿಗೆ ಆಗ ಎಪ್ಪತ್ತು ದಾಟಿತ್ತು. ನಾಲ್ಕೂ ಶಾಖೆಗಳು ಮುಂದೆ ಹೇಗೆ ನಡೆಯಬೇಕೆಂದು ಸಲಹೆ ಕೊಡಲು ಬೆಂಗಳೂರಿನಿಂದ ವೆಂಕಟ್ ಎಂಬ ಸಲಹೆಗಾರರನ್ನು ಕರೆಸಿದ್ದರು. ಮೂವತ್ತೈದರ ಸುಮಾರಿನ ಚುರುಕು ಮನುಷ್ಯ. ಎರಡು ತಿಂಗಳು ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳೆದು ತೂಗಿ, ಒಂದು ಸೋಮವಾರ ಮೀಟಿಂಗಿನಲ್ಲಿ ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಮಾತ್ರೆ ಒಯ್ಯಬೇಕು. ಹಾಗೆ ಮತ್ತೆ ಬರುವವರು ನೂರಕ್ಕೆ ಕೋಲಾರದಲ್ಲಿ ಎಪ್ಪತ್ತು, ಶ್ರೀನಿವಾಸಪುರದಲ್ಲಿ ಅರವತ್ತೆಂಟು, ಮಾಲೂರಿನಲ್ಲಿ ಅರವತ್ತಾರು. ಮುಳಬಾಗಿಲಿನಲ್ಲಿ ಮೂವತ್ತೆಂಟು.

"ಆ ಊರಿನ ಜನಕ್ಕೆ ನಮ್ಮ ಆಸ್ಪತ್ರೆ ಮೇಲೆ ನಂಬಿಕೆ ಇಲ್ಲ ಅಂತ ಇದರ ಅರ್ಥ. ಶಾಖೆ ಮುಚ್ಚಿ, ಅಲ್ಲಿನ ಡಾಕ್ಟರನ್ನ ಕೋಲಾರಕ್ಕೆ ತಂದುಬಿಡೋಣ" ಎಂದರು ವೆಂಕಟ್.

ವೆಂಕಟಲಕ್ಷ್ಮಿ ಆ ಮೂವತ್ತೆಂಟನ್ನೇ ನೋಡುತ್ತಿದ್ದಳು. ನಂಬಿಕೆ ಇಲ್ಲದಿದ್ದರೆ ಮೊದಲ ಸಲವೂ ಬರಬಾರದಲ್ಲ? ಮೊದಲ ಸಲ ಬರುವವರು ಬೇರೆ ಶಾಖೆಗಳಷ್ಟೇ ಇದ್ದಾರೆ. ಅವರೇ ಜ್ವರಕ್ಕೂ, ಮಕ್ಕಳ ಕೆಮ್ಮಿಗೂ ಅಲ್ಲಿಗೇ ಬರುತ್ತಾರೆ. ಬಿ.ಪಿ.ಗೆ ಮಾತ್ರ ಎರಡನೇ ಸಲ ಬರುವುದಿಲ್ಲ.

"ಸರ್, ನನಗೆ ಒಂದು ತಿಂಗಳು ಟೈಮ್ ಕೊಡಿ" ಎಂದು ಡಾಕ್ಟರ ಕಡೆ ತಿರುಗಿದಳು. "ಯಾಕೆ ಬರಲ್ಲ ಅಂತ ಗೊತ್ತಾಗ್ದೆ ಮುಚ್ಚಿಬಿಟ್ರೆ, ಅದು ಗೊತ್ತಾಗೋದೇ ಇಲ್ಲ."

ಡಾಕ್ಟರು ವೆಂಕಟ್ ಮುಖ ನೋಡಿದರು. ಅವರು ಭುಜ ಕುಣಿಸಿ, "ಒಂದು ತಿಂಗಳಲ್ಲಿ ಏನೂ ಮುಳುಗಿಹೋಗಲ್ಲ" ಎಂದರು.

ಮೊದಲ ವಾರ ಅವಳು ಕೋಣೆಯಲ್ಲೇ ಕೂತು ಕಾಗದದ ಮೇಲೆ ಹುಡುಕಿದಳು. ದೂರದ ಹಳ್ಳಿಯವರು ಬರುತ್ತಿಲ್ಲವೇ? ಊರೂರು ಬಿಡಿಸಿ ನೋಡಿದರೆ ದೂರದ ನಂಗಲಿಯವರೂ ಮುಳಬಾಗಿಲು ಪೇಟೆಯವರೂ ಒಂದೇ ಸಮ. ಅಲ್ಲಿನ ಡಾಕ್ಟರ ಸಿಡುಕೇ? ಅದೇ ಡಾಕ್ಟರು ವಾರಕ್ಕೆರಡು ದಿನ ಶ್ರೀನಿವಾಸಪುರಕ್ಕೆ ಹೋಗುತ್ತಾರೆ, ಅಲ್ಲಿ ಜನ ಬರುತ್ತಾರೆ. ಮಾತ್ರೆ ಅದೇ. ಮುಂದಿನ ತಾರೀಕು ಬರೆದ ಚೀಟಿಯೂ ಅದೇ ಮುದ್ರಣಾಲಯದ್ದು. ಎಲ್ಲವೂ ಒಂದೇ ಆಗಿದ್ದು ಒಂದು ಊರಿನಲ್ಲಿ ಮಾತ್ರ ಬೇರೆಯಾಗುವುದು ಹೇಗೆ? ಊಟಕ್ಕೆ ಕೂತಾಗಲೂ ಇದೇ ಯೋಚನೆ. ಕಾಲೇಜಿಗೆ ಹೋಗುವ ಮಗಳು ಧನಶ್ರೀ, "ಅಮ್ಮ, ಅವರನ್ನೇ ಕೇಳಿಬಿಡಬಾರ್ದಾ?" ಎಂದಳು. ಇಷ್ಟು ಸಣ್ಣ ಮಾತು ತನಗೆ ಹೊಳೆಯಲಿಲ್ಲವಲ್ಲ ಎಂದು ವೆಂಕಟಲಕ್ಷ್ಮಿಗೆ ನಾಚಿಕೆಯಾಯಿತು. ಹಿಂದೆ ಕಿಟಕಿಯಲ್ಲಿ ಕೂತಿದ್ದಾಗ ಅವಳು ಮಾಡಿದ್ದು ಅದನ್ನೇ ಅಲ್ಲವೇ.

ಮತ್ತೆ ಬಾರದ ನಲವತ್ತು ಜನರ ಹೆಸರು ಬರೆದುಕೊಂಡು ಮುಳಬಾಗಿಲಿಗೆ ಹೊರಟಳು. ಮೊದಲು ಹೋದದ್ದು ನಂಗಲಿ ಹತ್ತಿರದ ಹಳ್ಳಿಯ ಆವಲಮ್ಮನ ಮನೆಗೆ. ಆಂಧ್ರದ ಗಡಿ ಅಲ್ಲಿಂದ ಕೂಗಳತೆ. ಮನೆಯೊಳಗೆ ಮಾತೆಲ್ಲ ತೆಲುಗು, ಹೊರಗಿನವರೊಂದಿಗೆ ಕನ್ನಡ, ಅವಸರವಾದರೆ ಎರಡೂ. ಆವಲಮ್ಮನಿಗೆ ಐವತ್ತೆಂಟು ವರ್ಷ. ಟೊಮೆಟೊ ಗಿಡಕ್ಕೆ ಕಡ್ಡಿ ನೆಟ್ಟು ದಾರ ಕಟ್ಟುತ್ತಿದ್ದವಳು ಆಸ್ಪತ್ರೆಯ ಕಾರು ನೋಡಿ ಗಾಬರಿಯಿಂದ ಬಂದಳು.

"ಏನೂ ಇಲ್ಲಮ್ಮ, ಗಾಬರಿ ಬೀಳ್ಬೇಡ. ನೀನು ಬಿ.ಪಿ. ತೋರಿಸ್ಕೊಳಕ್ಕೆ ಮತ್ತೆ ಬರ್ಲೇ ಇಲ್ವಲ್ಲ, ಯಾಕೆ ಅಂತ ಕೇಳೋಣ ಅಂತ ಬಂದೆ."

"ಹುಷಾರಾದ್ನಲ್ಲಮ್ಮ! ತಲೆ ಸುತ್ತೋದು ನಿಂತೋಯ್ತು. ನಿಮ್ಮ ಮಾತ್ರೆ ಬಲೇ ಚೆನ್ನಾಗೈತೆ."

"ಹುಷಾರಾದ್ರೂ ಮಾತ್ರೆ ನಿಲ್ಲಿಸ್ಬಾರ್ದು, ತಿಂಗ್ಳಿಗೊಂದ್ಸಲ ಬರ್ಬೇಕು ಅಂತ ಹೇಳಿರ್ಲಿಲ್ವಾ?"

ಆವಲಮ್ಮ ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದಳು. ಅದರಲ್ಲಿ ಉಳಿದ ಮಾತ್ರೆಗಳು ಅಚ್ಚುಕಟ್ಟಾಗಿ ಇದ್ದವು. ಹನ್ನೊಂದು ದಿನ ನುಂಗಿ ನಿಲ್ಲಿಸಿದ್ದಳು. "ನೀವೇ ಹೇಳಿದ್ರಲ್ಲಾ, ಕಡ್ಮೆ ಆಗ್ದಿದ್ರೆ ಮಾತ್ರ ಬಾ ಅಂತ? ಕಡ್ಮೆ ಆಯ್ತು, ಬರ್ಲಿಲ್ಲ" ಎಂದಳು. ಹೇಳಿದ ಮಾತು ಕೇಳಿದವಳ ನಿರಾಳ ಅವಳ ಮುಖದಲ್ಲಿತ್ತು.

"ಯಾರು ಹಂಗೆ ಹೇಳಿದ್ದು?"

"ಆಸ್ಪತ್ರೆನೋರೇ ಹೇಳಿದ್ದು."

ಎರಡನೇ ಮನೆಯಲ್ಲೂ ಇದೇ ಉತ್ತರ. ಮೂರನೆಯದರಲ್ಲಿ ಮಗ್ಗಿಯಂತೆ ಅದೇ ಮಾತು. ಸಾಯಂಕಾಲದ ಹೊತ್ತಿಗೆ ಒಂಬತ್ತು ಮನೆ ಆಗಿತ್ತು. ಏಳು ಮನೆಯವರು 'ಕಡಿಮೆಯಾಯಿತು, ಅದಕ್ಕೇ ಬರಲಿಲ್ಲ' ಎಂದರು. ಎಂಟನೆಯ ಮನೆ ದೊಡ್ಡನಾರಾಯಣಪ್ಪ ಎಂಬ ಅರವತ್ತರ ರೈತನದು. ಅವರು ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಕಡಿಮೆಯಾಯಿತೆಂದು ಮಾತ್ರೆ ನಿಲ್ಲಿಸಿದ ನಾಲ್ಕನೇ ತಿಂಗಳಲ್ಲಿ, ಹುರುಳಿ ಒಕ್ಕುತ್ತಿದ್ದಾಗ, ಒಂದು ಕಡೆ ಸ್ವಾಧೀನ ತಪ್ಪಿತ್ತು. ಅವರ ಹೆಂಡತಿ ಮುನಿಶಾಮಮ್ಮ ಅತಿಥಿಗೆ ಕಾಫಿ ಕೊಟ್ಟು, ಇದನ್ನೆಲ್ಲ ಯಾರನ್ನೂ ದೂರದೆ ಹೇಳಿದಳು. ವೆಂಕಟಲಕ್ಷ್ಮಿ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಮಾತ್ರೆ ನಿಲ್ಲಿಸಿದ ತಿಂಗಳನ್ನು ಬರೆದುಕೊಂಡಳು.

ಮರುದಿನ ಅವಳು ಶಾಖೆಗೆ ಹೋದಳು. ಎಷ್ಟೋ ಸಲ ಬಂದ ಜಾಗವೇ. ಆದರೆ ಬಂದಾಗಲೆಲ್ಲ ನೇರ ಮಹಡಿಯ ಕೋಣೆಗೆ ಹೋಗಿ, ಫೈಲು ನೋಡಿ ಹೊರಟುಬಿಡುತ್ತಿದ್ದಳು. ಅವತ್ತು ಕೆಳಗೆ ರೋಗಿಗಳ ಬೆಂಚಿನ ಮೇಲೆ ಕೂತಳು. ಡಾಕ್ಟರ ಬಾಗಿಲ ಹತ್ತಿರ ಒಂದು ತಾಸು ಕೇಳಿಸಿಕೊಂಡಳು. ಡಾಕ್ಟರು ಸರಿಯಾಗಿಯೇ ಹೇಳುತ್ತಿದ್ದರು: ತಿಂಗಳು ಬಿಟ್ಟು ಬನ್ನಿ, ಮಾತ್ರೆ ನಿಲ್ಲಿಸಬೇಡಿ. ಸ್ವಲ್ಪ ಬೇಗ ಬೇಗ, ಪುಸ್ತಕದ ಕನ್ನಡದಲ್ಲಿ, ಮುಂದಿನವರ ಚೀಟಿ ಎಳೆದುಕೊಳ್ಳುತ್ತಾ ಹೇಳುತ್ತಿದ್ದರು. ಆಮೇಲೆ ಬೆಂಚು ಬದಲಿಸಿ ಔಷಧಿ ಕೊಡುವ ಕಿಟಕಿಯ ಪಕ್ಕ ಕೂತಳು.

ಕಿಟಕಿಯ ಒಳಗಿದ್ದವರು ಮುನಿರಾಮಪ್ಪ. ಊರಿಗೆಲ್ಲ ಮುನಿರಾಮಣ್ಣ. ಶಾಖೆ ತೆರೆದ ದಿನದಿಂದ ಅಲ್ಲಿದ್ದಾರೆ. ಅದಕ್ಕೆ ಮುಂಚೆ ಮುಳಬಾಗಿಲು ಪೇಟೆಯ ಹಳೇ ಕ್ಲಿನಿಕ್ಕಿನಲ್ಲಿ ಹದಿನೆಂಟು ವರ್ಷ ಔಷಧಿ ಕೊಟ್ಟವರು. ಅವರಿಗೆ ಗೊತ್ತಿಲ್ಲದ ಮನೆ ಸುತ್ತಮುತ್ತ ಇರಲಿಲ್ಲ. ಮಾತ್ರೆಯ ಪೊಟ್ಟಣ ಕೊಟ್ಟು, ಬೆಳಗ್ಗೆ ಒಂದು ರಾತ್ರಿ ಒಂದು ಎಂದು ಬೆರಳಲ್ಲಿ ತೋರಿಸಿ, ಮಗಳ ಬಾಣಂತನ ವಿಚಾರಿಸಿ, ಕೊನೆಗೆ ಕಿಟಕಿಯಿಂದ ಬಗ್ಗಿ ಮೆಲ್ಲಗೆ ತೆಲುಗಿನಲ್ಲಿ ಹೇಳುತ್ತಿದ್ದರು: "ತಗ್ಗಕಪೋತೇ ಮಳ್ಳಾ ರಾಮ್ಮಾ."

ಕಡಿಮೆಯಾಗದಿದ್ದರೆ ಮತ್ತೆ ಬಾರಮ್ಮ.

ಒಬ್ಬರಿಗಲ್ಲ, ಎಲ್ಲರಿಗೂ. ಜ್ವರದ ಮಗುವಿನ ತಾಯಿಗೂ ಅದೇ, ಸಕ್ಕರೆ ಕಾಯಿಲೆಯ ಮುದುಕನಿಗೂ ಅದೇ. ಹಳೇ ಕ್ಲಿನಿಕ್ಕಿಗೆ ಬರುತ್ತಿದ್ದದ್ದು ಜ್ವರ, ಕೆಮ್ಮು, ಭೇದಿ. ಅವುಗಳಿಗೆ ಅದು ಸರಿಯಾದ ಮಾತೇ. ಬಡವರು ಸುಮ್ಮನೆ ಬಸ್ಸು ಹತ್ತಿಕೊಂಡು ಬಂದು ಅಲೆಯದಿರಲಿ ಎಂಬ ಅಂತಃಕರಣದ ಮಾತು. ಡಾಕ್ಟರು ಹೇಳಿದ್ದು, ಚೀಟಿಯಲ್ಲಿ ಬರೆದದ್ದು ಎಲ್ಲ ಬಾಗಿಲಲ್ಲೇ ಉಳಿಯುತ್ತಿತ್ತು. ಜನ ಮನೆಗೆ ಒಯ್ಯುತ್ತಿದ್ದದ್ದು ತಮ್ಮ ಮಾತಿನಲ್ಲಿ, ತಮ್ಮವರು, ಕಡೆಯಲ್ಲಿ ಹೇಳಿದ ಆ ಒಂದನ್ನು.

ಕಂಡುಹಿಡಿದ ಖುಷಿ ವೆಂಕಟಲಕ್ಷ್ಮಿಗೆ ಒಂದು ಗಳಿಗೆ ಮಾತ್ರ ಇತ್ತು. ಮುನಿರಾಮಪ್ಪನವರಿಗೆ ಇದನ್ನು ಹೇಳುವುದು ಹೇಗೆ ಎಂಬುದು ಆ ಕೂಡಲೇ ಎದುರಿಗೆ ಬಂದು ನಿಂತಿತು.

ಊಟದ ಹೊತ್ತಿಗೆ ಕಿಟಕಿ ಮುಚ್ಚಿದ ಮೇಲೆ ಒಳಗೆ ಹೋಗಿ ಸ್ಟೂಲು ಎಳೆದುಕೊಂಡು ಕೂತಳು. ಮುನಿರಾಮಪ್ಪ ಡಬ್ಬಿ ತೆಗೆದು, "ಬನ್ನಿ ಮೇಡಂ, ಮುದ್ದೆ ಐತೆ, ಬಸ್ಸಾರು ಐತೆ" ಎಂದರು. ಇಬ್ಬರೂ ಹಂಚಿಕೊಂಡು ತಿಂದರು.

"ಮುನಿರಾಮಣ್ಣ, ಬಿ.ಪಿ.ಯೋರು ಮತ್ತೆ ಯಾಕೆ ಬರಲ್ಲ ಅಂತ ಹುಡುಕ್ತಿದ್ದೀನಿ."

"ಅದೇ ನಾನೂ ನೋಡ್ತಿದ್ದೀನಿ. ಹಬ್ಬಕ್ಕೆ, ಜಾತ್ರೆಗೆ ಸಿಗ್ತಾರೆ. ಇಲ್ಲಿಗೆ ಬರಲ್ಲ."

ಅವಳು ಬಳಸಿ ಹೇಳಲು ಹೋಗಲಿಲ್ಲ. ಏಳು ಮನೆಯವರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದಳು. ಮುನಿರಾಮಪ್ಪ ತುತ್ತು ಕೈಯಲ್ಲೇ ಹಿಡಿದು ಕೇಳಿದರು. ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಡಬ್ಬಿಯ ಮುಚ್ಚಳ ಹಾಕಿದರು.

"ನಾನು ಒಳ್ಳೇದಕ್ಕೇ ಹೇಳಿದ್ದು ಮೇಡಂ."

"ಅದು ನನಗೆ ಗೊತ್ತಣ್ಣ. ಅದಕ್ಕೇ ಜನ ನಿಮ್ಮ ಮಾತು ಕೇಳಿದ್ದು."

ಅವರು ತಲೆ ಎತ್ತದೆ ಕೇಳಿದರು: "ಯಾರಿಗಾದ್ರೂ ಏನಾದ್ರೂ ಆಯ್ತಾ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ಅವರಿಗೆ ಅರವತ್ತು ಹತ್ತಿರ. ಇನ್ನೆರಡು ವರ್ಷಕ್ಕೆ ಕೆಲಸ ಬಿಟ್ಟು ಹೋಗುವವರು. ಆದರೆ ನಿಜ ಹೇಳದಿದ್ದರೆ ನಾಳೆ ಇದೇ ಕಿಟಕಿಯಲ್ಲಿ ಈ ಮಾತು ನಿಲ್ಲುತ್ತದೆಂಬ ಖಾತ್ರಿ ಅವಳಿಗಿರಲಿಲ್ಲ. ಅವರು ಕೇಳಿದ್ದೂ ನಿಜ ಬೇಕೆಂದೇ.

"ದೊಡ್ಡನಾರಾಯಣಪ್ಪ ಅಂತ. ಬಲಗೈ, ಬಲಗಾಲು ಎತ್ತೋಕಾಗಲ್ಲ. ಮಾತ್ರೆ ನಿಲ್ಲಿಸಿದ್ದಕ್ಕೇ ಆಯ್ತು ಅಂತ ಖಂಡಿತವಾಗಿ ಯಾರೂ ಹೇಳೋಕಾಗಲ್ಲ. ಆದ್ರೆ ನಿಲ್ಲಿಸಿದ್ರು."

"ನನ್ನ ಜೊತೆ ಓದಿದವನು" ಎಂದರು ಮುನಿರಾಮಪ್ಪ.

ಅವತ್ತು ಮಧ್ಯಾಹ್ನ ರಜೆ ಹಾಕಿ ಹೋದರು. ದೊಡ್ಡನಾರಾಯಣಪ್ಪನ ಜಗಲಿಯ ಮೇಲೆ ಸಂಜೆಯವರೆಗೆ ಕೂತಿದ್ದರೆಂದು ಆಮೇಲೆ ಮುನಿಶಾಮಮ್ಮ ಹೇಳಿದಳು. ಏನು ಮಾತಾಡಿಕೊಂಡರೋ ಅವಳಿಗೂ ಗೊತ್ತಿಲ್ಲ. ಮಾರನೆಯ ದಿನದಿಂದ ಮುನಿರಾಮಪ್ಪ ಕಿಟಕಿಯಲ್ಲಿ ಬಾಯಿಬಿಡುವುದನ್ನೇ ನಿಲ್ಲಿಸಿದರು. ಪೊಟ್ಟಣ ಕೊಡುವರು, ಬೆರಳು ತೋರಿಸುವರು, ಅಷ್ಟೇ. "ಏಮನ್ನಾ, ಕೋಪಮಾ?" ಏನಣ್ಣ, ಕೋಪವೇ ಎಂದು ಹೆಂಗಸರು ಕೇಳತೊಡಗಿದರು. ಮೂರನೇ ದಿನ ಶಾಖೆಯ ನರ್ಸ್ ತೇಜಸ್ವಿನಿ ಕೋಲಾರಕ್ಕೆ ಫೋನು ಮಾಡಿ, "ಮೇಡಂ, ಅಣ್ಣ ಹಿಂಗೇ ಇದ್ರೆ ಇರೋ ಜನಾನೂ ಬರಲ್ಲ" ಎಂದಳು.

ವೆಂಕಟಲಕ್ಷ್ಮಿ ಮತ್ತೆ ಮುಳಬಾಗಿಲಿಗೆ ಹೋದಳು. "ನಿಮ್ಮನ್ನ ಸುಮ್ಮನಿರಿ ಅಂತ ನಾನು ಹೇಳ್ಲಿಲ್ಲ ಮುನಿರಾಮಣ್ಣ. ಆ ಕಿಟಕಿಯಿಂದ ಹೇಳಿದ್ದು ಊರೂರಿಗೆ ಮುಟ್ಟುತ್ತೆ ಅಂತ ಈಗ ನನಗೂ ಗೊತ್ತಾಗಿದೆ, ನಿಮಗೂ ಗೊತ್ತಾಗಿದೆ. ಬೇರೆ ಏನು ಹೇಳ್ಬೇಕು ಅನ್ನೋದನ್ನ ನೀವೇ ಹೇಳಿ. ನನ್ನ ತೆಲುಗು ನೆಟ್ಟಗಿಲ್ಲ" ಎಂದಳು.

ಅವಳು ಒಂದು ಉದ್ದನೆಯ ವಾಕ್ಯ ಬರೆದು ತಂದಿದ್ದಳು. ರಕ್ತದೊತ್ತಡ, ನಿಯಮಿತ, ತಪಾಸಣೆ ಎಂಬ ಪದಗಳೆಲ್ಲ ಅದರಲ್ಲಿದ್ದವು. ಮುನಿರಾಮಪ್ಪ ಅದನ್ನು ಓದಿ ಮಡಚಿ ಜೇಬಿಗಿಟ್ಟುಕೊಂಡರು. ಎರಡು ದಿನ ಬಿಟ್ಟು ಕಿಟಕಿಯಿಂದ ಬಗ್ಗಿ ಒಬ್ಬ ಹೆಂಗಸಿಗೆ ಹೇಳಿದರು: "ತಗ್ಗಿನಾ ರಾವಾಲಮ್ಮಾ."

ಕಡಿಮೆಯಾದರೂ ಬರಬೇಕಮ್ಮ. ಬದಲಾದದ್ದು ಹೆಚ್ಚೇನಿಲ್ಲ. ಆ ಹೆಂಗಸು ಹೊರಟವಳು ನಿಂತು, "ತಗ್ಗಿನಾನಾ? ಎಂದುಕನ್ನಾ?" ಎಂದು ಆಶ್ಚರ್ಯದಿಂದ ಕೇಳಿದಳು. ಯಾಕೆ ಎಂದು ಅವಳು ಕೇಳಿದ್ದೇ ತಡ, ಮುನಿರಾಮಪ್ಪ ದೊಡ್ಡನಾರಾಯಣಪ್ಪನ ಕಥೆ ಹೇಳಿದರು. ತಾನು ಹೇಳಿದ ತಪ್ಪು ಮಾತನ್ನೂ ಬಿಡದೆ ಹೇಳಿದರು. ಸಾಲಿನಲ್ಲಿದ್ದವರೆಲ್ಲ ಕಿವಿಗೊಟ್ಟು ಕೇಳಿದರು. ಹಾಗೆ ಹೇಳಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡನಾರಾಯಣಪ್ಪನನ್ನು ಕೇಳಿ, ಅವರು ಹೂಂ ಎಂದ ಮೇಲೆಯೇ ಹೇಳಲು ಶುರುಮಾಡಿದ್ದೆಂದು ವೆಂಕಟಲಕ್ಷ್ಮಿಗೆ ಬಹಳ ದಿನದ ಮೇಲೆ ತಿಳಿಯಿತು. ಅಷ್ಟರಲ್ಲಿ ದೊಡ್ಡನಾರಾಯಣಪ್ಪ ಶಾಖೆಗೆ ವ್ಯಾಯಾಮಕ್ಕೆ ಬರತೊಡಗಿದ್ದರು; ಕೋಲು ಹಿಡಿದು ಅಂಗಳ ದಾಟುವಷ್ಟು ಚೇತರಿಸಿಕೊಂಡಿದ್ದರು.

ತಿಂಗಳು ಮುಗಿದಾಗ ವೆಂಕಟಲಕ್ಷ್ಮಿ ಇನ್ನೂ ಆರು ತಿಂಗಳು ಕೇಳಿದಳು. ಡಾಕ್ಟರು ಕೊಟ್ಟರು. ಆರು ತಿಂಗಳ ಮೇಲೆ ಮುಳಬಾಗಿಲಿನ ಸಂಖ್ಯೆ ಅರವತ್ತೇಳಕ್ಕೆ ಬಂದು ನಿಂತಿತು. ಮುಚ್ಚುವ ಮಾತು ತಾನಾಗಿ ಬಿದ್ದುಹೋಯಿತು.

ವರದಿ ಬರೆಯಲು ಬಂದ ವೆಂಕಟ್ ಕಂಪ್ಯೂಟರು ತೆರೆದಿಟ್ಟುಕೊಂಡು, "ಏನು ಬದಲಾವಣೆ ಮಾಡಿದ್ರಿ ಅಂತ ಈ ಖಾನೆಯಲ್ಲಿ ಹಾಕಬೇಕು" ಎಂದರು.

"ಒಂದು ಪದ."

ಅವರು ತಮಾಷೆ ಎಂದುಕೊಂಡರು. ಅವಳು ಎಲ್ಲವನ್ನೂ ಹೇಳಿದಾಗ ಕಂಪ್ಯೂಟರು ಮುಚ್ಚಿ, "ಆ ಕಿಟಕಿ ಹತ್ರ ನಾನೂ ಒಂದು ದಿನ ಕೂರಬಹುದಾ?" ಎಂದು ಕೇಳಿದರು. ಕೂತರು. ತೆಲುಗು ಬಾರದಿದ್ದರೂ ಮಧ್ಯಾಹ್ನದವರೆಗೆ ಕದಲಲಿಲ್ಲ. ಮುನಿರಾಮಪ್ಪ ಅವರಿಗೂ ಮುದ್ದೆ ಕೊಟ್ಟರು.

ನೂರರಲ್ಲಿ ಉಳಿದ ಮೂವತ್ತಮೂರು ಜನ ಯಾಕೆ ಬರುವುದಿಲ್ಲ ಎಂದು ಡಾಕ್ಟರ್ ಮುನಿಕೃಷ್ಣ ಕೇಳಿದಾಗ, ಸ್ವಲ್ಪ ಗೊತ್ತು, ಪೂರ್ತಿ ಗೊತ್ತಿಲ್ಲ ಎಂದಳು. ಕೆಲವರು ಬೇರೆ ಆಸ್ಪತ್ರೆಗೆ ಹೋಗುತ್ತಿದ್ದರು. ಇಬ್ಬರು ಕುಪ್ಪಂ ಕಡೆ ಮಗಳ ಮನೆಯಲ್ಲಿದ್ದರು. ಕೆಲವರ ಬಾಗಿಲಿಗೆ ಮೂರು ಸಲ ಹೋದರೂ ಬೀಗ.

ಈಗ ಅವಳಿಗೆ ಹತ್ತಿರುವುದು ಮಾಲೂರಿನ ಚಿಂತೆ. ಅಲ್ಲಿ ಮಂಗಳವಾರ ಬೆಳಗ್ಗೆ ಮಾತ್ರ ಗರ್ಭಿಣಿಯರ ತಪಾಸಣೆಗೆ ಒಬ್ಬರೂ ಬರುವುದಿಲ್ಲ. ಸೋಮವಾರ ಬರುತ್ತಾರೆ, ಬುಧವಾರ ಬರುತ್ತಾರೆ. ಸಂತೆಯೂ ಅಲ್ಲ, ಬಸ್ಸೂ ಅಲ್ಲ, ಎರಡನ್ನೂ ನೋಡಿಯಾಯಿತು. ಹೋದ ಮಂಗಳವಾರ ಕಾರನ್ನು ದೂರದಲ್ಲೇ ನಿಲ್ಲಿಸಿ, ಇಟ್ಟಿಗೆ ಗೂಡುಗಳ ರಸ್ತೆಯಲ್ಲಿ ನಡೆದು ಹೋದಳು. ನಲ್ಲಿಯ ಹತ್ತಿರ ಏಳೆಂಟು ಹೆಂಗಸರು ಬಿಂದಿಗೆ ಇಟ್ಟುಕೊಂಡು ನೀರಿಗೆ ಕಾಯುತ್ತಾ ಕೂತಿದ್ದರು. ಒಬ್ಬಳಿಗೆ ಏಳು ತಿಂಗಳ ಹೊಟ್ಟೆ. ವೆಂಕಟಲಕ್ಷ್ಮಿ ಚಪ್ಪಲಿ ಪಕ್ಕಕ್ಕೆ ಸರಿಸಿ, ಅವಳ ಪಕ್ಕದ ಕಲ್ಲಿನ ಮೇಲೆ ಕೂತಳು.